ಹ್ಯೂಸ್ಟನ್‌ಗೆ ಎರಡು ಪಾಯಿಂಟ್ ಕಡಿಮೆ

ಡೆಟ್ರಾಯಿಟ್ ಹತ್ತಿರ ನಮ್ಮ ಕನ್ನಡದವರು ಸೇರಿದ್ದ ಒಂದು ಭಾನುವಾರ, ಊಟ ಆದಮೇಲೆ, ನಾನು ಆಡಿದ ಮಾತು ಇದು. ಬಿಸಿಬೇಳೆಬಾತ್ ತಿಂದ ಮೇಲೆ ಜನ ತೂಕಡಿಸದೆ ಕೂತಿದ್ದರೆ ಅದೇ ದೊಡ್ಡದು. ಅಂಥದ್ದರಲ್ಲಿ ಪ್ರಶ್ನೆಗಳನ್ನೂ ಕೇಳಿದರು. ಬರೆದು ಕೊಡಿ ಅಂತ ನಾಲ್ಕೈದು ಜನ ಅಂದರು, ಬರೆದಿದ್ದೇನೆ. ಮಾತಾಡುವಾಗ ಮರೆತದ್ದನ್ನ ಸೇರಿಸಿದ್ದೇನೆ, ಯಾರೂ ನಗದ ಎರಡು ಜೋಕ್ ತೆಗೆದಿದ್ದೇನೆ.

ಅಮ್ಮನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

2024ರ ಏಪ್ರಿಲ್. ಅಮ್ಮ ಹಾಸನದಿಂದ ಬಂದು ಎರಡು ತಿಂಗಳಾಗಿತ್ತು. ಮಗಳ ಹೈಸ್ಕೂಲ್ ಟೀಮಿನ ರೋಬೋ ಪಂದ್ಯ ಮುಗಿಸಿಕೊಂಡು ಶನಿವಾರ ರಾತ್ರಿ ನಾನೂ ಮಗಳೂ ಮನೆ ಸೇರಿದಾಗ ಹನ್ನೊಂದು ಗಂಟೆ. ಮಗಳು ಯಾರನ್ನೂ ಮಾತಾಡಿಸದೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಮ್ಮ ನನ್ನ ಮುಖ ನೋಡಿ "ಸೋತರಾ?" ಅಂದರು. ಸೋತೆವು ಅಂತಲ್ಲ ಅಮ್ಮ, ಹ್ಯೂಸ್ಟನ್‌ನ ಚಾಂಪಿಯನ್‌ಶಿಪ್‌ಗೆ ಹೋಗೋದಕ್ಕೆ ಎರಡು ಪಾಯಿಂಟ್ ಕಡಿಮೆ ಬಿತ್ತು ಅಂದೆ. ಅಮ್ಮ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿ ರಿಟೈರ್ ಆದವರು. ತಕ್ಷಣ ಬಂತು ಮಾತು: "ಎರಡೇ ಎರಡಾ? ಹಾಗಾದ್ರೆ ರೀವ್ಯಾಲ್ಯುಯೇಶನ್‌ಗೆ ಹಾಕ್ಸೋ!"

ನಗು ಬಂತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ಯಾಕೆಂದರೆ ಈ ಆಟದಲ್ಲಿ ರೀವ್ಯಾಲ್ಯುಯೇಶನ್ ಇಲ್ಲ. ವಿಡಿಯೋ ತೋರಿಸುತ್ತೇವೆ ಅಂದರೂ ರೆಫ್ರಿ ನೋಡುವ ಹಾಗಿಲ್ಲ, ನಿಯಮವೇ ಹಾಗಿದೆ. ತಕರಾರು ಇದ್ದರೆ ಮೈದಾನದ ಪಕ್ಕ ಪ್ರಶ್ನೆ ಕೇಳುವವರಿಗೆ ಅಂತ ಒಂದು ಚೌಕ ಇರುತ್ತದೆ, ಅದರಲ್ಲಿ ಟೀಮಿನ ಒಬ್ಬ ವಿದ್ಯಾರ್ಥಿ ಹೋಗಿ ನಿಲ್ಲಬೇಕು. ವಿದ್ಯಾರ್ಥಿಯೇ ಆಗಬೇಕು. ನನ್ನಂಥ ಮೆಂಟರ್ ಹೋಗಿ ಕೂಗಾಡುವ ಹಾಗಿಲ್ಲ. ಈ ನಿಯಮ ಮಾಡಿದವರು ಅಪ್ಪಂದಿರನ್ನ ಚೆನ್ನಾಗಿ ಬಲ್ಲವರು.

ಇಲ್ಲಿ ಅರ್ಧ ಜನಕ್ಕೆ ಇದೇನು ಆಟ ಅಂತ ಗೊತ್ತಿರಲಿಲ್ಲ, ಹಾಗಾಗಿ ಸ್ವಲ್ಪ ಹೇಳಬೇಕಾಯಿತು. ಈ ರೋಬೋ ಸ್ಪರ್ಧೆ ನಡೆಸುವ ಫಸ್ಟ್ ಅನ್ನುವ ಸಂಸ್ಥೆಯನ್ನ 1989ರಲ್ಲಿ ಡೀನ್ ಕೇಮನ್ ಶುರು ಮಾಡಿದರು. ಎಂಐಟಿಯ ಪ್ರೊಫೆಸರ್ ವುಡಿ ಫ್ಲವರ್ಸ್ ಜೊತೆಗಿದ್ದರು. 1992ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್‌ನಲ್ಲಿ, ಒಂದು ಸ್ಕೂಲಿನ ಜಿಮ್‌ನಲ್ಲಿ, 28 ಟೀಮು ಸೇರಿಸಿ ಮೊದಲ ಪಂದ್ಯ ಆಯಿತು. ಆಗ ಅರ್ಹತೆ ಗಿರ್ಹತೆ ಏನೂ ಇಲ್ಲ, ಬಂದವರೆಲ್ಲ ಆಡಿದರು. ಈಗ ಹೈಸ್ಕೂಲ್ ಮಟ್ಟದ ಈ ಸ್ಪರ್ಧೆಗೆ, ಅಂದರೆ ಎಫ್‌ಆರ್‌ಸಿಗೆ, 3000ಕ್ಕೂ ಜಾಸ್ತಿ ಟೀಮು. ಏಪ್ರಿಲ್‌ನಲ್ಲಿ ಹ್ಯೂಸ್ಟನ್‌ನಲ್ಲಿ ನಡೆಯುವ ಚಾಂಪಿಯನ್‌ಶಿಪ್‌ಗೆ ಹೋಗೋದು ಸುಮಾರು 600. ಅಲ್ಲಿ ಎಂಟು ಮೈದಾನ, ಒಂದೊಂದಕ್ಕೂ ಒಬ್ಬೊಬ್ಬ ವಿಜ್ಞಾನಿಯ ಹೆಸರು: ಗೆಲಿಲಿಯೋ, ಕ್ಯೂರಿ, ನ್ಯೂಟನ್, ಕ್ಯಾಥರೀನ್ ಜಾನ್ಸನ್, ಹೀಗೆ. ಎಂಟರಲ್ಲಿ ಗೆದ್ದವರು ಕೊನೆಗೆ ಐನ್‌ಸ್ಟೈನ್ ಮೈದಾನದಲ್ಲಿ ಎದುರಾಗುತ್ತಾರೆ.

ಪ್ರತಿ ಜನವರಿಯಲ್ಲಿ ಹೊಸ ಆಟ ಪ್ರಕಟವಾಗುತ್ತದೆ. ಮಕ್ಕಳು ಸುಮಾರು 55 ಕೆಜಿ ತೂಕದ ಒಂದು ರೋಬೋವನ್ನ ಎರಡು ತಿಂಗಳೊಳಗೆ ಕಟ್ಟಬೇಕು. 2024ರಲ್ಲಿ ಪಂದ್ಯ ಬರೀ ಎರಡೂವರೆ ನಿಮಿಷ ಇತ್ತು. ಮೊದಲ 15 ಸೆಕೆಂಡ್ ರೋಬೋ ತಾನೇ ಓಡಬೇಕಿತ್ತು, ಆಮೇಲೆ ಮಕ್ಕಳು ಜಾಯ್‌ಸ್ಟಿಕ್ ಹಿಡಿಯುತ್ತಿದ್ದರು. 2024ರ ಆಟದ ಹೆಸರು ಕ್ರೆಸೆಂಡೊ. ನೆಲದ ಮೇಲೆ ಬಿದ್ದಿರುವ ಕಿತ್ತಳೆ ಬಣ್ಣದ ಫೋಮಿನ ಬಳೆಗಳನ್ನ ಎತ್ತಿ ಗೂಡಿಗೆ ಎಸೆಯಬೇಕು, ಕೊನೆಯಲ್ಲಿ ಒಂದು ಚೈನ್ ಹಿಡಿದು ಮೇಲೆ ನೇತಾಡಬೇಕು. ಅಮ್ಮ ನೋಡಿ "ಕೋಡುಬಳೆ ಎಸೆದಾಡ್ತಾ ಇದಾವೆ" ಅಂದರು. ಅವತ್ತಿನಿಂದ ನಮ್ಮನೆಯಲ್ಲಿ ಅದು ಕೋಡುಬಳೆ ಆಟ.

ಈಗ ಮುಖ್ಯ ವಿಷಯ. ಒಂದೊಂದು ಕಡೆಗೂ ಮೂರು ಮೂರು ಟೀಮು. ಅದಕ್ಕೆ ಅಲಯನ್ಸ್ ಅಂತಾರೆ. ನಮ್ಮ ಕನ್ನಡ ಕೂಟದ ಹಾಗೇ ಒಂದು ಕೂಟ, ಆದರೆ ಇಲ್ಲಿ ಜಗಳ ಎರಡು ಮೂರು ನಿಮಿಷಕ್ಕೆ ಮುಗಿಯುತ್ತದೆ. ಲೀಗ್ ಹಂತದಲ್ಲಿ ನಿಮ್ಮ ಜೊತೆ ಯಾರು, ಎದುರು ಯಾರು ಅನ್ನೋದನ್ನ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹಾಕುತ್ತದೆ. ಇಲ್ಲಿ ಮಿಶಿಗನ್‌ನಲ್ಲಿ ಒಂದು ಪಂದ್ಯಾವಳಿಗೆ ಸುಮಾರು 40 ಟೀಮು, ಪ್ರತಿ ಟೀಮಿಗೆ 12 ಮ್ಯಾಚ್. 12 ಮ್ಯಾಚಲ್ಲಿ ಅದೃಷ್ಟ ದುರದೃಷ್ಟ ಎಲ್ಲ ಸಮ ಆಗಿಬಿಡುತ್ತದೆ ಅಂತ ನೀವು ಅಂದುಕೊಂಡರೆ, ನೀವು ಯಾವತ್ತೂ ಚೌಕಾಬಾರ ಆಡಿಲ್ಲ ಅಂತ ಅರ್ಥ.

ಒಂದು ಉದಾಹರಣೆ ಕೊಡುತ್ತೇನೆ. ಆ ವರ್ಷ ಗೆದ್ದರೆ 2 ರ‍್ಯಾಂಕಿಂಗ್ ಪಾಯಿಂಟ್. ಲೀಗ್‌ನಲ್ಲಿ ಸ್ಥಾನ ತೀರ್ಮಾನವಾಗೋದು ಇದರಿಂದ. ಅದರ ಮೇಲೆ ಎರಡು ಬೋನಸ್ ಇದ್ದವು. ಅದರಲ್ಲಿ ಒಂದು ಸಿಗಬೇಕಾದರೆ ಕೊನೆಯಲ್ಲಿ ಕನಿಷ್ಠ ಎರಡು ರೋಬೋ ಚೈನಿಗೆ ನೇತಾಡಬೇಕಿತ್ತು. ನಿಮ್ಮ ರೋಬೋ ಹನ್ನೆರಡಕ್ಕೆ ಹನ್ನೆರಡು ಸಲ ಹತ್ತಬಹುದು. ಜೊತೆಗೆ ಬಂದ ಇಬ್ಬರಿಗೂ ಹತ್ತೋ ಕೈ ಇಲ್ಲ ಅಂದರೆ ನೀವು ಒಬ್ಬರೇ ಮೇಲೆ ಬಾವಲಿ ಥರ ನೇತಾಡುತ್ತಾ ಇರಬೇಕು, ಬೋನಸ್ ಮಾತ್ರ ಬರಲ್ಲ.

ಇದು ಮಕ್ಕಳಿಗೂ ಗೊತ್ತು. ಅದಕ್ಕೇ ಅವರು ಒಂದು ಲೆಕ್ಕ ಇಟ್ಟುಕೊಳ್ಳುತ್ತಾರೆ, ಓಪಿಆರ್ ಅಂತ. ಅದನ್ನ ಹೀಗೆ ಹೇಳಿದೆ: ದಿನಾ ಮೂವರು ಸೇರಿ ದರ್ಶಿನಿಗೆ ಹೋಗುತ್ತೀರಿ, ಯಾರು ಏನು ತಿಂದರು ಅಂತ ಬಿಲ್ಲಿನಲ್ಲಿ ಇಲ್ಲ, ಒಟ್ಟು ಮೊತ್ತ ಮಾತ್ರ ಇದೆ. ಆದರೆ ದಿನಾ ಬೇರೆ ಬೇರೆ ಮೂವರು. ಒಂದಷ್ಟು ದಿನದ ಬಿಲ್ಲು ಸೇರಿಸಿ ಸಮೀಕರಣ ಬಿಡಿಸಿದರೆ, ಯಾರು ಬರೀ ಕಾಫಿ ಗಿರಾಕಿ, ಯಾರು ದಿನಾ ಮಸಾಲೆ ದೋಸೆ ಮೇಲೆ ಇನ್ನೊಂದು ಪ್ಲೇಟ್ ಇಡ್ಲಿ ಹೊಡೆಯುವವನು ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತದೆ. ಬಿಲ್ಲಿನ ಜಾಗದಲ್ಲಿ ಅಲಯನ್ಸಿನ ಸ್ಕೋರ್ ಇಡಿ, ಅಷ್ಟೇ ಓಪಿಆರ್. ದಿ ಬ್ಲೂ ಅಲಯನ್ಸ್ ಅನ್ನುವ ಸೈಟಿನಲ್ಲಿ ಪ್ರತಿ ಪಂದ್ಯಾವಳಿಯದ್ದೂ ಸಿಗುತ್ತದೆ. ಪ್ರತಿ ವರ್ಷ ಅದನ್ನ ತೆಗೆದು ನೋಡಿ, ಹ್ಯೂಸ್ಟನ್‌ಗೆ ಹೋದ ಹಲವು ಟೀಮಿಗಿಂತ ಜಾಸ್ತಿ ಓಪಿಆರ್ ಇದ್ದೂ ಮನೆಯಲ್ಲಿ ಕೂತ ಟೀಮುಗಳು ಕಾಣುತ್ತವೆ. ಹುಡುಗರು ಅದರದ್ದೇ ಪಟ್ಟಿ ಮಾಡಿ ವಾದ ಮಾಡುತ್ತಾರೆ: ಈ ವರ್ಷ ಹೋಗದೆ ಉಳಿದವರಲ್ಲಿ ಎಲ್ಲರಿಗಿಂತ ಒಳ್ಳೇ ರೋಬೋ ಯಾವುದು? ನನಗೆ ಆ ವಾದ ಇಷ್ಟ. ಸಿಇಟಿ ಮುಗಿದ ಮೇಲೆ ನಾವೂ ಹೀಗೇ ಕೂತು ಮಾತಾಡುತ್ತಿದ್ದೆವು, ಅಲ್ವಾ? ಇನ್ನು ಹತ್ತು ರ‍್ಯಾಂಕ್ ಮೇಲಿದ್ದಿದ್ದರೆ ಕಂಪ್ಯೂಟರ್ ಸೈನ್ಸ್ ಸಿಗುತ್ತಿತ್ತು ಅಂತ.

ಹಾಗಾದರೆ ಗೆರೆ ಎಲ್ಲಿ ಬೀಳುತ್ತದೆ? ಇದು ನೀವು ಇರುವ ಊರಿನ ಮೇಲೆ ಹೋಗುತ್ತದೆ. ಮೊದಲೆಲ್ಲ ಎಲ್ಲ ಕಡೆ ರೀಜನಲ್ ಪದ್ಧತಿ. ಒಂದು ಪಂದ್ಯಾವಳಿ ಗೆದ್ದ ಮೂರು ಟೀಮು ಹೋಗುತ್ತಿದ್ದವು, ಜೊತೆಗೆ ಕೆಲವು ದೊಡ್ಡ ಪ್ರಶಸ್ತಿ ಗೆದ್ದವರು ಹೋಗುತ್ತಿದ್ದರು. ಫೈನಲ್‌ನಲ್ಲಿ ಸೋತವರಿಗೆ ಕೈಕುಲುಕಿ ಮೆಡಲ್ ಕೊಟ್ಟು ಕಳಿಸುತ್ತಿದ್ದರು. ಒಂದೇ ವರ್ಷ ಎರಡು ಕಡೆ ಫೈನಲ್ ತನಕ ಹೋಗಿ, ಎರಡೂ ಕಡೆ ಸೋತು, ಎರಡು ಬೆಳ್ಳಿ ಮೆಡಲ್ ಹಾಕಿಕೊಂಡು ಮನೆಗೆ ಬರುವುದನ್ನ ಯೋಚಿಸಿ. ಅದೇ ಹೊತ್ತಿಗೆ, ಗೆದ್ದ ಅಲಯನ್ಸ್‌ಗೆ ಕೊನೆಯಲ್ಲಿ ಸೇರಿದ ಮೂರನೇ ಟೀಮು, ಪಂದ್ಯವಿಡೀ ಎದುರಾಳಿಗೆ ಅಡ್ಡ ನಿಂತಿದ್ದು ಬಿಟ್ಟರೆ ಹೆಚ್ಚೇನೂ ಮಾಡದಿದ್ದರೂ, ಟಿಕೆಟ್ ಪಡೆಯುತ್ತಿತ್ತು. ಅಡ್ಡ ನಿಲ್ಲುವುದೂ ಒಂದು ವಿದ್ಯೆಯೇ, ಅದನ್ನ ಅಲ್ಲಗಳೆಯಲ್ಲ. 2013ರಲ್ಲಿ ವೈಲ್ಡ್ ಕಾರ್ಡ್ ತಂದರು. ಗೆದ್ದವರಲ್ಲಿ ಯಾರಾದರೂ ಮೊದಲೇ ಅರ್ಹತೆ ಪಡೆದಿದ್ದರೆ ಆ ಜಾಗ ಫೈನಲ್‌ನಲ್ಲಿ ಸೋತವರಿಗೆ ಹೋಗುತ್ತಿತ್ತು. ಸ್ವಲ್ಪ ಕಣ್ಣೀರು ಕಡಿಮೆಯಾಯಿತು. 2025ರಿಂದ ರೀಜನಲ್ ಟೀಮುಗಳಿಗೂ ಪಾಯಿಂಟ್ ಲೆಕ್ಕ ಬಂದಿದೆ.

ಮಿಶಿಗನ್ ಕಥೆ ಬೇರೆ. ಡಿಸ್ಟ್ರಿಕ್ಟ್ ಪದ್ಧತಿ ಹುಟ್ಟಿದ್ದೇ ಇಲ್ಲಿ, 2009ರಲ್ಲಿ. ಕಾರು ಕಂಪನಿಗಳ ಊರು, ಸ್ಕೂಲಿಗೊಂದು ಟೀಮು, ಈಗ ರಾಜ್ಯದಲ್ಲಿ ಸುಮಾರು 500 ಟೀಮು ಇವೆ. ಪ್ರತಿ ಟೀಮು ಎರಡು ಚಿಕ್ಕ ಪಂದ್ಯಾವಳಿ ಆಡುತ್ತದೆ, ಅದರ ಪಾಯಿಂಟ್ ಕೂಡುತ್ತಾರೆ. ಮೇಲಿನ 160 ಟೀಮು ರಾಜ್ಯ ಚಾಂಪಿಯನ್‌ಶಿಪ್‌ಗೆ, ಸ್ಯಾಗಿನಾ ವ್ಯಾಲಿ ಸ್ಟೇಟ್ ಯೂನಿವರ್ಸಿಟಿಗೆ ಹೋಗುತ್ತವೆ. ಅಲ್ಲಿ 40ರ ಹಾಗೆ ನಾಲ್ಕು ಗುಂಪು. ಅಲ್ಲಿಂದ ಹ್ಯೂಸ್ಟನ್‌ಗೆ ಹೋಗುವುದು ಸುಮಾರು ಅರ್ಧ.

ಪಾಯಿಂಟ್ ಹೀಗೆ. ಲೀಗ್ ಹಂತದಲ್ಲಿ ಮೊದಲ ಸ್ಥಾನಕ್ಕೆ 22, ಕೊನೆಯವರಿಗೆ 4, ಮಧ್ಯದವರಿಗೆ ಸುಮಾರು 12. ಆಮೇಲೆ ಅಲಯನ್ಸ್ ಆಯ್ಕೆಗೆ ಪಾಯಿಂಟ್. ಆಮೇಲೆ ಪ್ಲೇಆಫ್, ಅದರಲ್ಲಿ ಮೊದಲ ನಾಲ್ಕರೊಳಗೆ ಬಂದರೆ ಮಾತ್ರ ಏನಾದರೂ ಸಿಗುತ್ತದೆ. ಆಮೇಲೆ ಪ್ರಶಸ್ತಿಗಳಿಗೆ ಒಂದಷ್ಟು. ಇನ್ನೊಂದು ಮಾತು ಗಮನಿಸಿ: ರಾಜ್ಯ ಚಾಂಪಿಯನ್‌ಶಿಪ್‌ನಲ್ಲಿ ಎಲ್ಲ ಪಾಯಿಂಟೂ ಮೂರರಿಂದ ಗುಣಿಸುತ್ತಾರೆ. ಅಂದರೆ ಮಾರ್ಚ್‌ನಲ್ಲಿ ಎರಡು ವಾರಾಂತ್ಯ ಬೆವರು ಸುರಿಸಿ ಗಳಿಸಿದ್ದಕ್ಕಿಂತ ಏಪ್ರಿಲ್‌ನ ಮೂರು ದಿನದ ತೂಕವೇ ಜಾಸ್ತಿ.

ಅಲಯನ್ಸ್ ಆಯ್ಕೆ ಅಂದೆನಲ್ಲ, ಅದೊಂದು ಸ್ವಯಂವರ. ಲೀಗ್ ಮುಗಿದ ಮೇಲೆ ಮೊದಲ ಎಂಟು ಟೀಮು ಕ್ಯಾಪ್ಟನ್. ಎಲ್ಲ ಟೀಮಿನ ಒಬ್ಬೊಬ್ಬ ಪ್ರತಿನಿಧಿ ಮೈದಾನಕ್ಕೆ ಬಂದು ನಿಲ್ಲುತ್ತಾರೆ. ಒಂದನೇ ಕ್ಯಾಪ್ಟನ್ ಮೈಕ್ ಹಿಡಿದು ಒಂದು ಟೀಮನ್ನ ಕರೆಯುತ್ತಾನೆ, ಆಮೇಲೆ ಎರಡನೆಯವನು, ಹೀಗೆ ಎಂಟರ ತನಕ. ಎರಡನೇ ಸುತ್ತು ಉಲ್ಟಾ, ಎಂಟರಿಂದ ಒಂದಕ್ಕೆ. ಕರೆದಾಗ ಬೇಡ ಅನ್ನಬಹುದು, ಆದರೆ ಬೇಡ ಅಂದವರನ್ನ ಬೇರೆ ಯಾರೂ ಕರೆಯುವ ಹಾಗಿಲ್ಲ. ತಾನೇ ಕ್ಯಾಪ್ಟನ್ ಆಗುವ ಯೋಗ ಇದ್ದರೆ ಸರಿ, ಇಲ್ಲದಿದ್ದರೆ ಮನೆ. ಇದರಲ್ಲೂ ಕೆಲವರು ಕಿಲಾಡಿಗಳು. ಬೇಡ ಅಂತಾನೆ ಅಂತ ಗೊತ್ತಿದ್ದೇ ಬಲವಾದ ಟೀಮುಗಳನ್ನ ಒಂದಾದ ಮೇಲೊಂದು ಕರೆಯುತ್ತಾರೆ. ಅವರೆಲ್ಲ ಬೇಡ ಅಂದು ಬೇರೆ ಬೇರೆ ಕ್ಯಾಪ್ಟನ್ ಆಗಿ ಕೂರುತ್ತಾರೆ, ಇಬ್ಬರು ಬಲಶಾಲಿಗಳು ಒಂದಾಗುವ ದಾರಿಯೇ ಮುಚ್ಚಿಹೋಗುತ್ತದೆ. 17 ವರ್ಷದ ಹುಡುಗರು, ಶಕುನಿಯೂ ತಲೆದೂಗಬೇಕು.

ಮೊದಲು ಕರೆಸಿಕೊಂಡ ಟೀಮಿಗೆ 16 ಪಾಯಿಂಟ್, ಎರಡನೆಯದಕ್ಕೆ 15, ಹೀಗೆ ಇಳಿಯುತ್ತಾ ಹದಿನಾರನೆಯದಕ್ಕೆ 1. ಪ್ರತಿ ಗುಂಪಿನಲ್ಲೂ 24 ಟೀಮಿಗೆ ಜಾಗ. ಉಳಿದ 16 ಟೀಮು ಪೆಟ್ಟಿಗೆ ಕಟ್ಟಬೇಕು.

ಈಗ ನಮ್ಮ ಕಥೆ. ನಮ್ಮ ಟೀಮಿನ ಹೆಸರು ಹೇಳಲ್ಲ, ಮಕ್ಕಳು ಬೇಡ ಅಂದಿದ್ದಾರೆ.

ಆ ವರ್ಷ ರೋಬೋ ನಿಜಕ್ಕೂ ಚೆನ್ನಾಗಿತ್ತು. ಮಗಳು ಅಂತ ಹೇಳುತ್ತಿಲ್ಲ (ಅವಳು ವೈರಿಂಗ್ ಗುಂಪಿನಲ್ಲಿದ್ದಳು, ಅದಕ್ಕೆ ಆಮೇಲೆ ಬರುತ್ತೇನೆ). ಮೊದಲ ಡಿಸ್ಟ್ರಿಕ್ಟ್ ಪಂದ್ಯಾವಳಿಯಲ್ಲಿ ಫೈನಲ್ ತನಕ ಹೋದೆವು. ಎರಡನೆಯದರಲ್ಲಿ ಮಧ್ಯಮ. ಸ್ಯಾಗಿನಾಗೆ ಹೋದಾಗ ಲೆಕ್ಕ ಹಾಕಿದ್ದೆವು, ಸುಮ್ನೆ ನಮ್ಮ ಆಟ ನಾವು ಆಡಿದರೆ ಸಾಕು, ಹ್ಯೂಸ್ಟನ್ ಖಚಿತ ಅಂತ. ಒಬ್ಬ ಅಪ್ಪ ವಿಮಾನದ ಟಿಕೆಟ್ ಬುಕ್ ಮಾಡಿಯೇ ಬಿಟ್ಟಿದ್ದರು. ಆ ಅಪ್ಪ ನಾನೇ. ಸಭೆಯಲ್ಲಿ ಇದನ್ನ ಹೇಳಿರಲಿಲ್ಲ, ನನ್ನ ಹೆಂಡತಿ ಎದುರಿಗೇ ಕೂತಿದ್ದಳು.

ಎರಡನೇ ದಿನ ಬೆಳಿಗ್ಗೆ ಒಂದು ಮ್ಯಾಚ್‌ನಲ್ಲಿ ಎದುರಾಳಿ ರೋಬೋ ಬಂದು ಗುದ್ದಿತು. ಗುದ್ದೋದು ತಪ್ಪಲ್ಲ, ಅದಕ್ಕೇ ಸುತ್ತ ಬಂಪರ್ ಇರುತ್ತದೆ. ನಮ್ಮ ರೋಬೋ ನಿಂತಲ್ಲೇ ನಿಂತಿತು. ದೀಪ ಆರಿತು. ಎರಡು ಸೆಕೆಂಡ್ ಬಿಟ್ಟು ಮತ್ತೆ ಹತ್ತಿತು. ಆದರೆ ಕರೆಂಟ್ ಒಂದು ಕ್ಷಣ ಹೋದರೆ ಸಾಕು, ಅದರೊಳಗಿನ ರೇಡಿಯೋ ಮತ್ತೆ ಎದ್ದು ಮೈದಾನದ ನೆಟ್‌ವರ್ಕ್ ಹಿಡಿಯೋದಕ್ಕೆ ಅರ್ಧ ನಿಮಿಷಕ್ಕೂ ಜಾಸ್ತಿ ಬೇಕು. ಎರಡೂವರೆ ನಿಮಿಷದ ಆಟದಲ್ಲಿ ಅರ್ಧ ನಿಮಿಷ! ರೇಡಿಯೋ ಏಳುತ್ತಿದ್ದ ಹಾಗೇ ಇನ್ನೊಂದು ಗುದ್ದು, ಮತ್ತೆ ಹೋಯಿತು. ಸೋತೆವು. ಪಿಟ್‌ಗೆ, ಅಂದರೆ ರೋಬೋ ರಿಪೇರಿ ಮಾಡುವ ನಮ್ಮ ಜಾಗಕ್ಕೆ, ತಂದು ಎಲ್ಲ ಹುಡುಕಿದರು. ಪ್ರೋಗ್ರಾಮ್ ನೋಡಿದರು, ರೇಡಿಯೋ ವೈರ್ ಬದಲಾಯಿಸಿದರು, ಮೇನ್ ಬ್ರೇಕರ್ ಬದಲಾಯಿಸಿದರು. ಬೇರೆ ಬ್ಯಾಟರಿ ಹಾಕಿ ಎರಡು ಮ್ಯಾಚ್ ಆಡಿದರು, ಎಲ್ಲ ಸರಿ. ಮಧ್ಯಾಹ್ನ ಮತ್ತೊಂದು ಮ್ಯಾಚ್. ಮತ್ತೆ ಅದೇ ಕಥೆ.

ಆಗ ಮಗಳಿಗೆ ಹೊಳೆಯಿತು. ಎರಡು ಸಲವೂ ಒಂದೇ ಬ್ಯಾಟರಿ. ನಮ್ಮ ಹತ್ತಿರ ಆರು ಬ್ಯಾಟರಿ ಇದ್ದವು, ಒಂದೊಂದು ಆರು ಕೆಜಿ, 12 ವೋಲ್ಟ್, ಸ್ಕೂಟರ್ ಬ್ಯಾಟರಿಗಿಂತ ದೊಡ್ಡದು ಕಾರಿನದಕ್ಕಿಂತ ಚಿಕ್ಕದು. ನಾಲ್ಕನೇ ನಂಬರ್ ಬ್ಯಾಟರಿಯ ಟರ್ಮಿನಲ್‌ನಲ್ಲಿ, ಕಪ್ಪು ಟೇಪ್ ಸುತ್ತಿದ ಒಳಗೆ, ನಟ್ಟು ಕಾಲು ಸುತ್ತು ಲೂಸ್ ಆಗಿತ್ತು. ಕೈಯಲ್ಲಿ ವೈರ್ ಎಳೆದರೆ ಗೊತ್ತಾಗುತ್ತಿರಲಿಲ್ಲ. ಗುದ್ದಿದಾಗ ಮಾತ್ರ ಅಲುಗಾಡುತ್ತಿತ್ತು. ಆ ಬ್ಯಾಟರಿಗಳಿಗೆಲ್ಲ ಜನವರಿಯಲ್ಲಿ ನಟ್ಟು ಬಿಗಿದು ಟೇಪ್ ಸುತ್ತಿದ್ದು ಮಗಳೇ. ಬಾಗಿಲು ಹಾಕಿಕೊಂಡದ್ದು ಅದಕ್ಕೆ.

ಆ ನಟ್ಟು ನಮ್ಮಿಂದ ಎರಡು ಮ್ಯಾಚ್ ಕಿತ್ತುಕೊಂಡಿತು ಅಂತ ಎಲ್ಲರೂ ಹೇಳುತ್ತಾರೆ. ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಸೋತ ಎರಡು ಮ್ಯಾಚಿನಿಂದ ನಾವು ಹದಿನಾಲ್ಕನೇ ಸ್ಥಾನಕ್ಕೆ ಇಳಿದೆವು, ಕ್ಯಾಪ್ಟನ್ ಆಗುವ ಛಾನ್ಸ್ ಹೋಯಿತು, ಅದು ನಿಜ. ಆದರೆ ಹದಿನಾಲ್ಕನೇ ಸ್ಥಾನದ ಒಳ್ಳೇ ರೋಬೋವನ್ನ ಮೊದಲ ಸುತ್ತಿನಲ್ಲೇ ಕರೆಯುವವರು ಬೇಕಾದಷ್ಟು ಜನ ಇರುತ್ತಾರೆ. ಯಾಕೆಂದರೆ ಗ್ಯಾಲರಿಯಲ್ಲಿ ಪ್ರತಿ ಟೀಮಿನ ಆರೇಳು ಮಕ್ಕಳು ಕೂತು ಪ್ರತಿ ರೋಬೋ ಎಷ್ಟು ಬಳೆ ಎಸೆಯಿತು, ಹತ್ತಿತಾ ಇಲ್ವಾ ಅಂತ ಟ್ಯಾಬ್ಲೆಟ್‌ನಲ್ಲಿ ಬರೆದುಕೊಳ್ಳುತ್ತಾ ಇರುತ್ತಾರೆ. ಅದಕ್ಕೆ ಸ್ಕೌಟಿಂಗ್ ಅಂತಾರೆ. ರಾತ್ರಿ ಹೋಟೆಲಿನಲ್ಲಿ ಕೂತು ಯಾರನ್ನ ಕರೆಯಬೇಕು ಅಂತ ಪಟ್ಟಿ ಮಾಡುತ್ತಾರೆ. ಆ ಪಟ್ಟಿಗಳಲ್ಲಿ ನಮ್ಮ ಹೆಸರಿನ ಮುಂದೆ ಏನಿತ್ತು? 12ರಲ್ಲಿ 2 ಮ್ಯಾಚ್ ಸತ್ತುಬಿದ್ದ ರೋಬೋ. ಸರಾಸರಿ ಇಳಿದಿತ್ತು, ಅದಕ್ಕಿಂತ ಹೆಚ್ಚಾಗಿ ನಂಬಿಕೆ ಇಳಿದಿತ್ತು. ಪ್ಲೇಆಫ್‌ನಲ್ಲಿ ನಿಂತುಬಿಡುವ ಜೊತೆಗಾರ ಯಾರಿಗೆ ಬೇಕು?

ಕಾರಣ ಸಿಕ್ಕಿತ್ತು, ರಿಪೇರಿಯೂ ಆಗಿತ್ತು. ಎಲ್ಲ ಆರು ಬ್ಯಾಟರಿಯ ಟೇಪ್ ಬಿಚ್ಚಿ, ಸ್ಪ್ಯಾನರ್ ಹಾಕಿ ಬಿಗಿದು, ನಟ್ಟಿನ ಮೇಲೆ ಪೇಂಟ್ ಪೆನ್‌ನಲ್ಲಿ ಗೆರೆ ಎಳೆದರು. ಸ್ವಲ್ಪ ತಿರುಗಿದರೂ ಗೆರೆ ಮುರಿದದ್ದು ಕಾಣುತ್ತದೆ. ಆದರೆ ಈ ಸುದ್ದಿಯನ್ನ ನಾವು ಯಾರಿಗೂ ಹೇಳಲಿಲ್ಲ. ಬೇರೆ ಟೀಮುಗಳ ಪಿಟ್‌ಗೆ ಹೋಗಿ, ನೋಡಿ ನಮಗೆ ಹೀಗಾಗಿತ್ತು, ಈಗ ಸರಿ ಮಾಡಿದ್ದೇವೆ, ಸಂಜೆಯ ಎರಡು ಮ್ಯಾಚ್ ನೋಡಿ ಅಂತ ಹೇಳಬೇಕಿತ್ತು. ಬೇರೆ ಟೀಮಿನ ಮಕ್ಕಳು ಅದನ್ನ ನಾಚಿಕೆ ಇಲ್ಲದೆ ಮಾಡುತ್ತಾರೆ, ಒಂದು ಹಾಳೆ ಪ್ರಿಂಟ್ ಹಾಕಿಸಿಕೊಂಡು ಬಂದಿರುತ್ತಾರೆ. ನಮ್ಮ ಟೀಮಿನಲ್ಲಿ ಅರ್ಧ ಭಾರತದ ಮಕ್ಕಳು, ಅವರಿಗೆ ನಮ್ಮದೇ ಪಾಠ: ನಿನ್ನ ಕೆಲಸ ನೀನು ಮಾಡು, ಕೆಲಸವೇ ಮಾತಾಡುತ್ತದೆ. ಅಯ್ಯೋ, ಕೆಲಸಕ್ಕೆ ಬಾಯಿ ಎಲ್ಲಿದೆ ಸ್ವಾಮಿ? ಇದು ನಾನು ಕಲಿಸಿದ ಪಾಠವೂ ಹೌದು, ಅದಕ್ಕೇ ನಟ್ಟಿನ ವಿಷಯಕ್ಕೆ ಮಗಳನ್ನ ಬೈಯುವ ಮುಖ ನನಗೆ ಇರಲಿಲ್ಲ.

ಸ್ವಯಂವರ ಆಯಿತು. ಮೊದಲ ಸುತ್ತು ಮುಗಿಯಿತು, ನಮ್ಮನ್ನ ಕರೆಯಲಿಲ್ಲ. ಎರಡನೇ ಸುತ್ತಿನಲ್ಲಿ ಎಂಟನೇ ಕ್ಯಾಪ್ಟನ್ ಮೈಕ್ ಹಿಡಿದು, ಕೈಯಲ್ಲಿದ್ದ ಹಾಳೆ ನೋಡಿ, ನಮ್ಮ ಹುಡುಗನ ಕಡೆ ನೋಡಿ, ಪಕ್ಕದವಳನ್ನ ಕರೆದ. ಅವನ ಆಮೇಲೆ ಏಳನೇ ಕ್ಯಾಪ್ಟನ್ ನಮ್ಮನ್ನ ಕರೆದಳು. ಅಂದರೆ ಹತ್ತನೇ ಕರೆ, 7 ಪಾಯಿಂಟ್, ಮೂರರಿಂದ ಗುಣಿಸಿದರೆ 21. ಎಂಟನೆಯವನು ಕರೆದಿದ್ದರೆ 8 ಪಾಯಿಂಟ್, ಅಂದರೆ 24. ಪ್ಲೇಆಫ್‌ನಲ್ಲಿ ನಮ್ಮ ಅಲಯನ್ಸ್ ನಾಲ್ಕರೊಳಗೆ ಬರಲಿಲ್ಲ, ಅಲ್ಲಿ ಸೊನ್ನೆ. ಎಲ್ಲ ಕೂಡಿ ಕಳೆದ ಮೇಲೆ ಹ್ಯೂಸ್ಟನ್ ಗೆರೆಗೆ ನಮಗೆ 2 ಕಡಿಮೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಆ ತುತ್ತು ಯಾವ ಕ್ಷಣದಲ್ಲಿ ಜಾರಿತು ಅಂತ ನಾವು ಬೆರಳಿಟ್ಟು ತೋರಿಸಬಹುದು: ಆ ಹುಡುಗ ಹಾಳೆ ನೋಡಿದ ಒಂದು ಸೆಕೆಂಡ್.

ಇಲ್ಲಿ ಸಭೆಯಲ್ಲಿ ಒಬ್ಬರು ಎದ್ದು, ಇದು ಅನ್ಯಾಯ ಅಲ್ವಾ ಅಂತ ಕೇಳಿದರು. ನಾನು ಅವರಿಗೆ 2024ರ ಮೇ 18 ನೆನಪಿಸಿದೆ. ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಚೆನ್ನೈಯನ್ನ 27 ರನ್‌ನಿಂದ ಸೋಲಿಸಿತು. ಬೇಕಾಗಿದ್ದದ್ದು 18 ರನ್ ಅಂತರ. ಎರಡು ಟೀಮಿಗೂ 14 ಪಾಯಿಂಟ್, ನೆಟ್ ರನ್ ರೇಟ್‌ನಲ್ಲಿ ನಾವು ಒಳಗೆ, ಅವರು ಹೊರಗೆ. ಡೆಲ್ಲಿ, ಲಕ್ನೋಗೂ ಅಷ್ಟೇ 14. ಅವತ್ತು ಈ ರೂಮಿನಲ್ಲಿ ಯಾರಾದರೂ ಅನ್ಯಾಯ ಅಂದರಾ? ರಾತ್ರಿಯಿಡೀ ಕುಣಿದೆವು. ಸಭೆಯಲ್ಲಿದ್ದ ಒಬ್ಬರೇ ಒಬ್ಬ ತಮಿಳು ಅಳಿಯಂದಿರು ಮಾತ್ರ ಜೋರಾಗಿ ಚಪ್ಪಾಳೆ ತಟ್ಟಿದರು.

ಅನ್ಯಾಯ ಅನ್ನುವ ಮಾತು ಹೇಳಲೇಬೇಕು ಅಂದರೆ ನಾನು 2022ಕ್ಕೆ ಹೇಳುತ್ತೇನೆ. 2017ರಿಂದ 2019ರ ತನಕ ಚಾಂಪಿಯನ್‌ಶಿಪ್ ಎರಡು ಇದ್ದವು, ಹ್ಯೂಸ್ಟನ್‌ನಲ್ಲಿ ಒಂದು, ಮೊದಲು ಸೇಂಟ್ ಲೂಯಿಸ್‌ನಲ್ಲೂ ಆಮೇಲೆ ನಮ್ಮ ಡೆಟ್ರಾಯಿಟ್‌ನಲ್ಲೂ ಇನ್ನೊಂದು. ಎರಡೂ ಸೇರಿ ಸುಮಾರು 800 ಟೀಮಿಗೆ ಜಾಗ. ಕೊರೋನಾ ಮುಗಿದು 2022ರಲ್ಲಿ ಮತ್ತೆ ಶುರುವಾದಾಗ ಒಂದೇ ಚಾಂಪಿಯನ್‌ಶಿಪ್, ಸುಮಾರು 450 ಜಾಗ. 2019ರಲ್ಲಿ ಆರಾಮವಾಗಿ ಹೋಗುತ್ತಿದ್ದ ಮಟ್ಟದ ಟೀಮು 2022ರಲ್ಲಿ ಅಷ್ಟೇ ಚೆನ್ನಾಗಿ ಆಡಿ ಹೊರಗೆ ಉಳಿಯಿತು. ಅವರು ಕೆಟ್ಟದಾಗಲಿಲ್ಲ, ಬಾಗಿಲು ಚಿಕ್ಕದಾಯಿತು. ಇನ್ನು 2020ರ ಬಗ್ಗೆ ಮಾತಾಡೋದೇ ಬೇಡ. ಮಾರ್ಚ್‌ನಲ್ಲಿ ಎರಡು ವಾರ ಪಂದ್ಯ ಆಗಿ ಎಲ್ಲ ನಿಂತುಹೋಯಿತು. ಎಷ್ಟೋ ಟೀಮಿನ ರೋಬೋ ಒಂದು ಮ್ಯಾಚ್ ಕೂಡ ಆಡಲಿಲ್ಲ, ಆ ವರ್ಷದ ಹನ್ನೆರಡನೇ ಕ್ಲಾಸಿನ ಮಕ್ಕಳು ಹಾಗೇ ಕಾಲೇಜಿಗೆ ಹೋದರು.

ಇನ್ನೊಬ್ಬ ಹಿರಿಯರು, ಊರಲ್ಲಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದ್ದವರು, ರೋಬೋಕಾನ್ ವಿಷಯ ಎತ್ತಿದರು. ಒಳ್ಳೇ ಮಾತು. ಎಬಿಯು ರೋಬೋಕಾನ್ 2002ರಲ್ಲಿ ಟೋಕಿಯೋದಲ್ಲಿ ಶುರುವಾದ ಕಾಲೇಜು ಮಟ್ಟದ ಸ್ಪರ್ಧೆ. ಅಲ್ಲಿ ಒಂದು ದೇಶಕ್ಕೆ ಒಂದೇ ಟೀಮು, ಆತಿಥ್ಯ ವಹಿಸಿದ ದೇಶಕ್ಕೆ ಮಾತ್ರ ಎರಡು. ಅಂದರೆ ನಮ್ಮ ದೇಶದ ಸುತ್ತಿನಲ್ಲಿ ಎರಡನೇ ಸ್ಥಾನ ಬಂದವರು ಸಾಮಾನ್ಯವಾಗಿ ಮನೆಯಲ್ಲೇ ಕೂತು ಅಂತರರಾಷ್ಟ್ರೀಯ ಪಂದ್ಯವನ್ನ ಟೀವಿಯಲ್ಲಿ ನೋಡಬೇಕು. 2022ರಲ್ಲಿ ಅದು ದೆಹಲಿಯಲ್ಲಿ ನಡೆಯಿತು, ಆಟ ಯಾವುದು ಗೊತ್ತಾ? ಲಗೋರಿ! ನಾವು ಓಣಿಯಲ್ಲಿ ಹೆಂಚಿನ ಚೂರು ಪೇರಿಸಿ ಆಡುತ್ತಿದ್ದದ್ದನ್ನ ಏಷ್ಯಾದ ಮಕ್ಕಳು ರೋಬೋ ಕೈಲಿ ಆಡಿಸಿದರು. ಅದನ್ನ ನೆನೆಸಿಕೊಂಡರೆ ಮಿಶಿಗನ್‌ನವರು ಅಳೋದಕ್ಕೆ ಸ್ವಲ್ಪ ನಾಚಿಕೊಳ್ಳಬೇಕು, ರಾಜ್ಯ ಚಾಂಪಿಯನ್‌ಶಿಪ್‌ಗೆ ಬಂದವರಲ್ಲಿ ಅರ್ಧಕ್ಕರ್ಧ ಟೀಮು ಹೋಗುತ್ತವಲ್ಲ ಇಲ್ಲಿಂದ.

ಆದರೂ ಅತ್ತೆವು.

ಶನಿವಾರ ಅದು. ಸೋಮವಾರ ಏಪ್ರಿಲ್ 8, ಪೂರ್ಣ ಸೂರ್ಯಗ್ರಹಣ. ಟೀಮಿನ ಮಕ್ಕಳೆಲ್ಲ ಮೂರು ಕಾರಿನಲ್ಲಿ ಟೊಲೀಡೋಗೆ ಹೊರಟರು. ಗ್ರಹಣದ ಹೊತ್ತಲ್ಲಿ ಏನೂ ತಿನ್ನಬಾರದು ಅಂತ ಅಮ್ಮ ಹೇಳಿದ್ದರು, ಚಿತ್ರಾನ್ನ ಕಟ್ಟಿ ಕೊಟ್ಟದ್ದೂ ಅವರೇ. ದಾರಿಯುದ್ದಕ್ಕೂ ಒಬ್ಬ ಹುಡುಗ ಫೋನಿನಲ್ಲಿ ಪಟ್ಟಿಯನ್ನ ಮತ್ತೆ ಮತ್ತೆ ನೋಡುತ್ತಿದ್ದ. ಯಾಕೆಂದರೆ ಗೆರೆ ಅಲುಗುತ್ತದೆ. ಅರ್ಹತೆ ಸಿಕ್ಕ ಟೀಮು ದುಡ್ಡಿಲ್ಲ ಅಂತಲೋ, ಪರೀಕ್ಷೆ ಅಂತಲೋ ಬರಲ್ಲ ಅಂದರೆ ಜಾಗ ಕೆಳಗಿನವರಿಗೆ ಇಳಿಯುತ್ತದೆ. ಹೋಗಿ ಬರೋ ಖರ್ಚೇ ಸಾವಿರಾರು ಡಾಲರ್, ಹಾಗಾಗಿ ಒಬ್ಬಿಬ್ಬರು ಬಿಡುವುದು ಉಂಟು. ನಾವು ಗೆರೆಯಿಂದ ಕೆಳಗೆ ಎರಡನೆಯವರು. ಗ್ರಹಣ ಹಿಡಿದು ಮಧ್ಯಾಹ್ನ ಮೂರು ಗಂಟೆಗೆ ಕತ್ತಲಾಯಿತು, ಎರಡು ನಿಮಿಷವೂ ಇರಲಿಲ್ಲ. "ಒಂದು ಮ್ಯಾಚ್‌ಗಿಂತ ಚಿಕ್ಕದು" ಅಂದಳು ಮಗಳು. ಎರಡು ದಿನದಲ್ಲಿ ಅವಳಾಗೇ ಆಡಿದ ಮೊದಲ ಮಾತು ಅದು.

ಬುಧವಾರ ಗೆರೆ ಒಂದು ಸ್ಥಾನ ಇಳಿಯಿತು. ನಮ್ಮ ಮೇಲಿದ್ದವರು ಹೋದರು. ಈಗ ನಾವು ಮೊದಲನೆಯವರು, ಹೊರಗಿನವರಲ್ಲಿ. ಪಿಟ್‌ನ ಗಾಡಿ, ಉಪಕರಣದ ಪೆಟ್ಟಿಗೆ ಯಾವುದನ್ನೂ ಬಿಚ್ಚದೆ ಸ್ಕೂಲಿನ ವರ್ಕ್‌ಶಾಪಿನಲ್ಲಿ ಹಾಗೇ ಇಟ್ಟಿದ್ದರು, ಫೋನ್ ಬಂದರೆ ಅದೇ ದಿನ ಲೋಡ್ ಮಾಡೋದಕ್ಕೆ. ಶುಕ್ರವಾರ ಫೋನ್ ಬಂತು. ನಮ್ಮನ್ನ ಕರೆಯದೆ ಬಿಟ್ಟ ಆ ಎಂಟನೇ ಕ್ಯಾಪ್ಟನ್ ಟೀಮಿನವರು. ಅವರಿಗೆ ಜಾಗ ಸಿಕ್ಕಿತ್ತು. ಅವರ ಬ್ಯಾಟರಿಗಳು ಹಳೆಯದಾಗಿ ಕೈಕೊಡುತ್ತಿವೆ, ಹೊಸದು ತರಿಸೋದಕ್ಕೆ ಟೈಮಿಲ್ಲ, ನಿಮ್ಮವು ಕೊಡ್ತೀರಾ ಅಂತ ಕೇಳಿದರು. ಎರಡು ವಾರಕ್ಕೆ ಸಾಲ.

ನಾನಾಗಿದ್ದರೆ ಏನಾದರೂ ನೆಪ ಹೇಳುತ್ತಿದ್ದೆ. ಮಕ್ಕಳು ಐದು ನಿಮಿಷ ಕೂಡ ಯೋಚಿಸಲಿಲ್ಲ. ಈ ಸ್ಪರ್ಧೆಯಲ್ಲಿ ಎದುರಾಳಿಗೆ ಸಾಮಾನು ಕೊಡುವುದು ಮಾಮೂಲು, ವುಡಿ ಫ್ಲವರ್ಸ್ ಹಾಕಿಕೊಟ್ಟ ಅಭ್ಯಾಸ. ಮಗಳು ಶನಿವಾರ ಇಡೀ ಕೂತು ಆರೂ ಬ್ಯಾಟರಿ ಚಾರ್ಜ್ ಮಾಡಿ, ಟೇಪ್ ಬಿಚ್ಚಿ, ಪೇಂಟ್ ಗೆರೆ ಮುರಿದಿಲ್ಲ ಅಂತ ಒಂದೊಂದಾಗಿ ನೋಡಿ, ಹೊಸ ಟೇಪ್ ಸುತ್ತಿದಳು. ನಾಲ್ಕನೇ ನಂಬರಿನದರ ಮೇಲೆ ನಮ್ಮ ಟೀಮ್ ನಂಬರನ್ನ ಬೇಕಂತಲೇ ದಪ್ಪಗೆ ಬರೆದಳು. ಟ್ರೇಲರ್ ಬಂದು ತಗೊಂಡು ಹೋಯಿತು.

ಹ್ಯೂಸ್ಟನ್ ಪಂದ್ಯ ಶುರುವಾದ ದಿನ ಮನೆಯಲ್ಲಿ ಟೀವಿಗೆ ಹಾಕಿಕೊಂಡು ನೋಡುತ್ತಿದ್ದೆವು. ಅಮ್ಮನಿಗೆ ವಿಷಯ ಹೇಳಿದೆ, ನೋಡಮ್ಮ, ಆ ನೀಲಿ ಬಂಪರ್ ರೋಬೋದೊಳಗೆ ಇರೋದು ನಿನ್ನ ಮೊಮ್ಮಗಳು ನಟ್ಟು ಬಿಗಿದ ಬ್ಯಾಟರಿ ಅಂತ. ಅಮ್ಮ ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದರು.

"ಹಾಗಾದ್ರೆ ಸಪ್ಲಿಮೆಂಟರಿಯಲ್ಲಿ ಪಾಸು ಅನ್ನು" ಅಂದರು. ಮಗಳು ಸಪ್ಲಿಮೆಂಟರಿ ಅಂದರೆ ಏನು ಅಂತ ಕೇಳಿದಳು, ಅಷ್ಟರಲ್ಲಿ ಆ ರೋಬೋಗೆ ಇನ್ನೊಂದು ಬಂದು ಗುದ್ದಿತು, ಮೂವರೂ ಟೀವಿ ಕಡೆ ಬಗ್ಗಿದೆವು. ದೀಪ ಆರಲಿಲ್ಲ.